ಫೋಟೊದ ಕೆಳಗೆ ಆಕೆಯ ಹೆಸರು ಬರಲಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಸಿಂಗಪುರ ಪ್ರವಾಸದ ಬಗ್ಗೆ ಒಂದು ಪುಟ ಬಂದಿತ್ತು. ಮೂರು ದಿನದಲ್ಲಿ ಏನೇನು ನೋಡಬಹುದು, ಎಲ್ಲಿ ಇಡ್ಲಿ ದೋಸೆ ಸಿಗುತ್ತದೆ, ಎಲ್ಲಿ ಶಾಪಿಂಗ್ ಮಾಡಬೇಕು, ಎಲ್ಲ ಚೆನ್ನಾಗಿಯೇ ಇತ್ತು. ಅದೇ ಪುಟದ ಮೂಲೆಯಲ್ಲಿ ಒಂದು ಸಣ್ಣ ಫೋಟೊ ಇತ್ತು. ಮೊನಚು ತುದಿಯ ಒಂದು ಮಿನಾರು, ಪಕ್ಕಕ್ಕೆ ವಾಲಿದೆ. ಕೆಳಗೆ ‘ಸಿಂಗಪುರದ ವಾಲು ಗೋಪುರ’ ಎಂದಷ್ಟೇ ಬರೆದಿತ್ತು. ಲೇಖನದೊಳಗೆ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಮಿನಾರಿನ ಕೆಳಗೆ ನಾನು ಹೋದ ವರ್ಷ ನಿಂತಿದ್ದೆ. ಎರಡು ಸಲ. ಅದಕ್ಕೇ ಈ ಪತ್ರ. ಉದ್ದ ಆಯಿತು ಅನ್ನಿಸಿದರೆ ಕತ್ತರಿಸಿ ಹಾಕಿ, ಆದರೆ ಹೆಸರನ್ನು ಮಾತ್ರ ಕತ್ತರಿಸಬೇಡಿ. ಅದು ಹಜ್ಜಾ ಫಾತಿಮಾ ಮಸೀದಿ. ಒಬ್ಬ ಹೆಂಗಸು ಕಟ್ಟಿಸಿದ ಮಸೀದಿ, ಆಕೆಯ ಹೆಸರಲ್ಲೇ ಇವತ್ತಿಗೂ ಇದೆ.

ನಾನು ದಾವಣಗೆರೆಯವಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ 24 ವರ್ಷ ದಿನಸಿ ಅಂಗಡಿ ನಡೆಸಿ, ಈಗ ಎರಡು ವರ್ಷದಿಂದ ಮನೆಯಲ್ಲಿದ್ದೇನೆ. ಮಗಳು ಅಳಿಯ ಸಿಂಗಪುರದಲ್ಲಿ ಕೆಲಸದಲ್ಲಿದ್ದಾರೆ. ಮೊಮ್ಮಗಳನ್ನು ನೋಡಿಕೊಳ್ಳಲು ಅಂತ ಹೋಗಿ ಒಂದೂವರೆ ತಿಂಗಳು ಅಲ್ಲಿದ್ದೆ. ಮೊದಲ ವಾರ ಎಲ್ಲರೂ ಮಾಡುವ ಹಾಗೆ ಬಸ್ ಟೂರ್ ಮಾಡಿದೆವು. ಬಸ್ಸು ಎಲ್ಲ ಕಡೆ ನಿಲ್ಲಿಸಿತು, ಎಲ್ಲ ಕಡೆ 20 ನಿಮಿಷ. ಇಳಿ, ಫೋಟೊ ತೆಗಿ, ಹತ್ತು. ಕಾಂಪೊಂಗ್ ಗ್ಲಾಮ್ ಎನ್ನುವ ಹಳೆಯ ಮುಸ್ಲಿಂ ಬೀದಿಗಳಲ್ಲೂ ಅಷ್ಟೇ. ಅಲ್ಲಿ ಸುಲ್ತಾನ್ ಮಸೀದಿಯ ಬಂಗಾರದ ಬಣ್ಣದ ಗುಮ್ಮಟ ಕಂಡಿತು, ಅತ್ತರಿನ ಅಂಗಡಿ ಕಂಡಿತು, ಅಷ್ಟರಲ್ಲಿ ಬಸ್ಸಿನ ಹಾರ್ನ್.

ಆಮೇಲೆ ಮಗಳು ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ನನಗೆ ಬೆಳಗಿನ ಹೊತ್ತು ಸುಮ್ನೆ ಕೂರುವುದಾಗುತ್ತಿತ್ತು. ಒಬ್ಬಳೇ ಓಡಾಡುವುದನ್ನು ಕಲಿತೆ. ಹೀಗೆ ಒಂದು ದಿನ ಬುಗಿಸ್ ಸ್ಟೇಷನ್ನಿನಲ್ಲಿ ಇಳಿದು, ಸುಲ್ತಾನ್ ಮಸೀದಿಯನ್ನು ಸಮಾಧಾನವಾಗಿ ನೋಡಿ, ಅಲ್ಲಿಂದ ಬೀಚ್ ರೋಡ್ ಹಿಡಿದು ನಡೆದೆ. ಹತ್ತು ನಿಮಿಷದ ದಾರಿ. ಸುತ್ತಲೂ ಎತ್ತರದ ಫ್ಲ್ಯಾಟುಗಳು. ಅವುಗಳ ನಡುವೆ ಒಂದು ಕಾಂಪೌಂಡು, ಒಳಗೆ ಈ ಮಿನಾರು.

ನಿಜ ಹೇಳುತ್ತೇನೆ, ಮೊದಲ ನೋಟಕ್ಕೆ ಚರ್ಚು ಅಂದುಕೊಂಡೆ. ಹಾಗೇ ಇದೆ ಅದು. ಮೇಲೆ ಹೋದಷ್ಟೂ ಸಣ್ಣದಾಗುವ ಹಂತಗಳು, ಗೋಡೆಗೆ ಅಂಟಿದ ಹಾಗೆ ಇರುವ ಅರ್ಧ ಕಂಬಗಳು, ತುದಿಯಲ್ಲಿ ಚೂಪು ಗೋಪುರ. ನಮ್ಮ ಕಡೆ ಹಳೆಯ ಬ್ರಿಟಿಷ್ ಕಾಲದ ಕಾಲೇಜುಗಳಲ್ಲಿ, ಕೋರ್ಟುಗಳಲ್ಲಿ ಇರುತ್ತವಲ್ಲ, ಅಂಥ ಕಂಬಗಳು. ಸ್ವಲ್ಪ ಪಕ್ಕಕ್ಕೆ ಸರಿದರೆ ಹಿಂದುಗಡೆ ಈರುಳ್ಳಿ ಆಕಾರದ ಗುಮ್ಮಟ ಕಾಣುತ್ತದೆ, ಆಗ ಮಸೀದಿ ಎಂದು ಗೊತ್ತಾಗುತ್ತದೆ. ಮಿನಾರು ಆ ಗುಮ್ಮಟದ ಕಡೆಗೆ ಸುಮಾರು 6 ಡಿಗ್ರಿ ವಾಲಿದೆ. 6 ಡಿಗ್ರಿ ಅಂದರೆ ಕೇಳಲು ಕಡಿಮೆ, ಕೆಳಗೆ ನಿಂತು ನೋಡಿದರೆ ಎದೆ ಝಲ್ ಅನ್ನುತ್ತದೆ. ಒಂದು ಕಾಲದಲ್ಲಿ ಸಮುದ್ರ ಈ ರಸ್ತೆಯವರೆಗೂ ಇತ್ತು, ಅದಕ್ಕೇ ಬೀಚ್ ರೋಡ್ ಎಂಬ ಹೆಸರು. ಆಮೇಲೆ ಮಣ್ಣು ತುಂಬಿ ಸಮುದ್ರವನ್ನು ದೂರ ತಳ್ಳಿದ್ದಾರೆ. ಮರಳು ನೆಲದ ಮೇಲಿನ ಪಾಯ, ಭಾರಕ್ಕೆ ಒಂದು ಕಡೆ ಕುಸಿದಿದೆ. ರಿಪೇರಿ ಮಾಡಿದ್ದಾರೆ, ವಾಲಿದ್ದು ಮಾತ್ರ ಹಾಗೇ ಉಳಿದಿದೆ.

ಬಾಗಿಲಲ್ಲಿ ಹೋಗಲೋ ಬೇಡವೋ ಅಂತ ನಿಂತಿದ್ದೆ. ಸೀರೆ ಉಟ್ಟಿದ್ದೆ, ಹಣೆಯಲ್ಲಿ ವಿಭೂತಿ. ಒಳಗಿದ್ದ ವಯಸ್ಸಾದ ಒಬ್ಬರು ನೋಡಿ “ಕಮ್, ಆಂಟಿ, ಕಮ್” ಅಂದರು. ಅಲ್ಲಿ ದೊಡ್ಡವರನ್ನು ಎಲ್ಲರೂ ಆಂಟಿ, ಅಂಕಲ್ ಅಂತಲೇ ಕರೆಯುವುದು, ನನಗೆ ಅದು ತುಂಬ ಇಷ್ಟವಾಯಿತು. ನಮಾಜಿನ ಹೊತ್ತಾಗಿರಲಿಲ್ಲ. ಚಪ್ಪಲಿ ಬಿಟ್ಟು, ತಲೆ ಮೇಲೆ ಸೆರಗು ಹೊದ್ದು ಒಳಗೆ ಹೋದೆ. ದುಡ್ಡು ಕೇಳಲಿಲ್ಲ, ಯಾವ ಊರು ಯಾವ ಜಾತಿ ಅಂತಲೂ ಕೇಳಲಿಲ್ಲ. ಪ್ರಾರ್ಥನೆಯ ಹಾಲ್ ಬಾಗಿಲಿಗೆ ನೇರವಾಗಿ ಇಲ್ಲ, ಓರೆಯಾಗಿದೆ. ಮೆಕ್ಕಾ ದಿಕ್ಕಿಗೆ ಮುಖ ಮಾಡಬೇಕಲ್ಲ, ರಸ್ತೆ ಯಾವ ಕಡೆ ಹೋದರೇನು. ಮೇಲೆ ನೋಡಿದರೆ ಗುಮ್ಮಟದ ಬುಡದಲ್ಲಿ ಸುತ್ತಲೂ 12 ಉದ್ದುದ್ದ ಕಿಟಕಿಗಳು, ಹಳದಿ ಮತ್ತು ಹಸಿರು ಗಾಜು. ಮೋಡ ಸರಿದು ಬಿಸಿಲು ಬಿದ್ದಾಗ ನೆಲದ ಮೇಲೆ ಬಣ್ಣ ಹರಡಿತು. ನಾನು ಒಂದು ಮೂಲೆಯಲ್ಲಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಬಸ್ಸಿನ ಹಾರ್ನ್ ಅಂತೂ ಇರಲಿಲ್ಲ.

ಈಗ ಆಕೆಯ ವಿಷಯ. ಮನೆಗೆ ಬಂದು ಮಗಳ ಹತ್ತಿರ ಓದಿಸಿಕೊಂಡೆ, ನಾನೂ ಓದಿದೆ.

ಫಾತಿಮಾ ಹುಟ್ಟಿದ್ದು ಈಗಿನ ಮಲೇಷ್ಯಾದ ಮಲಾಕದಲ್ಲಿ, ದೊಡ್ಡ ಮನೆತನದಲ್ಲಿ. ಮದುವೆಯಾಗಿದ್ದು ಈಗಿನ ಇಂಡೊನೇಷ್ಯಾದ ಸುಲವೇಸಿ ದ್ವೀಪದ ಬುಗಿಸ್ ಜನರ ಒಬ್ಬ ರಾಜಕುಮಾರನನ್ನು. ಬುಗಿಸ್ ಎಂದರೆ ಸಮುದ್ರ ವ್ಯಾಪಾರದ ಜನ, ನಾನು ಇಳಿದ ಸ್ಟೇಷನ್ನಿನ ಹೆಸರು ಅವರದ್ದೇ. ಆತನಿಗೆ ಸಿಂಗಪುರದಲ್ಲಿ ವ್ಯಾಪಾರ ಇತ್ತು. ಸಿಂಗಪುರ ಆಗ ಇನ್ನೂ ಹೊಸ ಊರು, ಬ್ರಿಟಿಷರು ಅಲ್ಲಿ ಕಾಲಿಟ್ಟಿದ್ದೇ 1819ರಲ್ಲಿ. ಗಂಡ ಬೇಗ ತೀರಿಕೊಂಡ. ಮಗಳು ಚಿಕ್ಕವಳು. ಫಾತಿಮಾ ವ್ಯಾಪಾರ ಮುಚ್ಚಲಿಲ್ಲ. ತಾನೇ ನಡೆಸಿದಳು. ಹಡಗುಗಳು, ದೋಣಿಗಳು ಆಕೆಯ ಹೆಸರಲ್ಲಿ ಓಡಾಡಿದವು, ಚೆನ್ನಾಗಿ ದುಡಿದಳು. ಹಜ್ ಕೂಡ ಮಾಡಿದಳು, ಹಜ್ ಮಾಡಿದ ಹೆಂಗಸನ್ನೇ ಹಜ್ಜಾ ಅನ್ನುವುದು. ಆಗ ಹಾಯಿ ಹಡಗಿನ ಕಾಲ, ಮೆಕ್ಕಾಗೆ ಹೋಗಿ ಬರುವುದು ಎಂದರೆ ಎಷ್ಟು ತಿಂಗಳೋ.

ಆಕೆಯ ಮನೆ ಇದೇ ಜಾಗದಲ್ಲಿತ್ತು. ಎರಡು ಸಲ ಕಳ್ಳರು ನುಗ್ಗಿದರು. ಎರಡನೇ ಸಲ ದೋಚಿದ್ದು ಸಾಲದು ಅಂತ ಮನೆಗೆ ಬೆಂಕಿಯೂ ಇಟ್ಟರು. ಆಕೆಗೆ ಏನೂ ಆಗಲಿಲ್ಲ. ಬದುಕಿ ಉಳಿದೆನಲ್ಲ ಎನ್ನುವ ಕೃತಜ್ಞತೆಗೆ ಆ ಜಾಗವನ್ನೇ ಕೊಟ್ಟು, ದುಡ್ಡೂ ಕೊಟ್ಟು, ಮಸೀದಿ ಕಟ್ಟಿಸಿದಳು. ತಾನು ಬೇರೆ ಕಡೆ ಮನೆ ಮಾಡಿಕೊಂಡಳು. ಮಸೀದಿ ಮುಗಿದಿದ್ದು 1846ರಲ್ಲಿ. ಹತ್ತಿರದಲ್ಲೇ ಬಡವರಿಗೆ ಇರಲು ಮನೆಗಳನ್ನೂ ಕಟ್ಟಿಸಿದಳಂತೆ.

ಇದನ್ನು ಓದಿದಾಗ ನನಗೆ ನನ್ನ ಅಂಗಡಿಯ ನೆನಪಾಯಿತು. ಯಜಮಾನರು ಹೋದ ಮೂರನೇ ವರ್ಷ ಒಂದು ರಾತ್ರಿ ಬೀಗ ಒಡೆದು ಗಲ್ಲಾಪೆಟ್ಟಿಗೆ ಹೊತ್ತೊಯ್ದಿದ್ದರು. ಹಬ್ಬಕ್ಕೆ ತರಿಸಿದ್ದ ಎಣ್ಣೆ ಡಬ್ಬಗಳನ್ನೂ ಬಿಟ್ಟಿರಲಿಲ್ಲ. ಹೆಂಗಸು ಅಂಗಡಿ ಇಟ್ಟುಕೊಂಡರೆ ಹೀಗೇ ಆಗೋದು, ಮಾರಿಬಿಡು, ಅಂತ ನೆಂಟರೆಲ್ಲ ಹೇಳಿದರು. ನಾನು ಮಾರಲಿಲ್ಲ. ಆದರೆ ಆ ಸಿಟ್ಟು ನನ್ನೊಳಗೆ ವರ್ಷಗಟ್ಟಲೆ ಇತ್ತು, ಶಟರ್ ಎತ್ತುವಾಗ ದಿನಾ ನೆನಪಾಗುತ್ತಿತ್ತು. ಫಾತಿಮಾಗೂ ಸಿಟ್ಟು ಬಂದಿರುತ್ತದೆ, ಬರದೆ ಇರುತ್ತದೆಯೇ. ಆದರೂ ಸುಟ್ಟ ಮನೆಯ ಜಾಗವನ್ನು ಎಲ್ಲರೂ ಬಂದು ಕೂರುವ ಜಾಗ ಮಾಡಿ ಕೊಟ್ಟಳು. 170 ವರ್ಷಕ್ಕಿಂತ ಜಾಸ್ತಿ ಆದಮೇಲೆ ದಾವಣಗೆರೆಯಿಂದ ಹೋದ ನಾನೂ ಅಲ್ಲಿ ಕೂತೆ. ಆ ಮೂಲೆಯಲ್ಲಿ ಯಾಕೆ ಅಷ್ಟು ಹೊತ್ತು ಕೂತೆ ಅಂತ ಆಮೇಲೆ ಗೊತ್ತಾಯಿತು.

ಕಟ್ಟಡದ ವಿಷಯ ಇನ್ನೊಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಇದರಲ್ಲಿ ಎಷ್ಟೊಂದು ಜನರ ಕೈ ಇದೆ. ವಿನ್ಯಾಸ ಮಾಡಿದ್ದು ಬ್ರಿಟಿಷ್ ಕಟ್ಟಡಗಾರರು. ಆಗ ಊರಲ್ಲಿ ಸೇಂಟ್ ಆಂಡ್ರೂಸ್ ಎನ್ನುವ ಚರ್ಚು ಇತ್ತು. ಅದಕ್ಕೆ 1842ರಲ್ಲಿ ಸರ್ಕಾರಿ ಸರ್ವೇಯರ್ ಜಾನ್ ಟರ್ನ್‌ಬುಲ್ ಥಾಮ್ಸನ್ ಚೂಪು ಗೋಪುರ ಕೂಡಿಸಿದ್ದರು. ಈ ಮಿನಾರು ಆ ಗೋಪುರದ ಹಾಗೇ ಇದೆ ಎನ್ನುತ್ತಾರೆ. ಆ ಚರ್ಚಿಗೆ ಎರಡು ಸಲ ಸಿಡಿಲು ಬಡಿಯಿತು, 1852ರಲ್ಲಿ ಮುಚ್ಚಿದರು, ಆಮೇಲೆ ಕೆಡವಿಯೇ ಬಿಟ್ಟರು. ಗೋಪುರವೂ ಹೋಯಿತು. ಅಂದರೆ ಇಲ್ಲದೆ ಹೋದ ಒಂದು ಚರ್ಚಿನ ಗೋಪುರ ಹೇಗಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಇವತ್ತು ಈ ಮಸೀದಿಗೆ ಬರಬೇಕು. ನನಗೆ ಇದು ಎಷ್ಟು ಹಿಡಿಸಿತು ಎಂದರೆ ಮೊಮ್ಮಗಳಿಗೆ ರಾತ್ರಿ ಕಥೆಯ ಬದಲು ಇದನ್ನೇ ಹೇಳಿದೆ.

ಈಗಿರುವ ಪ್ರಾರ್ಥನೆಯ ಹಾಲ್, ಗುಮ್ಮಟ ಎಲ್ಲ 1930ರ ದಶಕದ್ದು. ಹಳೆಯದನ್ನು ತೆಗೆದು ಮತ್ತೆ ಕಟ್ಟಿದರು. ನಕ್ಷೆ ಹಾಕಿದ್ದು ಚುಂಗ್ ಮತ್ತು ವಾಂಗ್ ಎಂಬ ಚೀನೀ ವಾಸ್ತುಶಿಲ್ಪಿಗಳ ಸಂಸ್ಥೆ, ಗುತ್ತಿಗೆ ಹಿಡಿದಿದ್ದು ಬೊಸಾರ್ ಮೊಪಿನ್ ಎನ್ನುವ ಫ್ರೆಂಚ್ ಕಂಪನಿ, ಕಟ್ಟಿದವರು ಮಲಯ್ ಕೆಲಸಗಾರರು. ಪ್ಯಾರಪೆಟ್ ಗೋಡೆಗಳಲ್ಲಿ ಚೀನಾದ ಹೊಳಪಿನ ಪಿಂಗಾಣಿ ಜಾಲರಿಗಳಿವೆ. ಮಲಾಕದ ಹೆಂಗಸು, ಬುಗಿಸ್ ಗಂಡ, ಇಂಗ್ಲಿಷ್ ಮಿನಾರು, ಚೀನೀ ನಕ್ಷೆ. ಮಗಳು ರಾಜಾ ಸಿತಿಯನ್ನು ಕೊಟ್ಟಿದ್ದು ಅಲ್ಸಗೋಫ್ ಎನ್ನುವ ಅರಬ್ ವ್ಯಾಪಾರಿ ಮನೆತನಕ್ಕೆ, ಅವರ ಮೂಲ ಯೆಮೆನ್. ಮಸೀದಿಯ ಹಿಂದುಗಡೆ ಹಜ್ಜಾ ಫಾತಿಮಾ, ಮಗಳು, ಅಳಿಯ ಮೂವರ ಗೋರಿಗಳೂ ಇವೆ. ಅಲ್ಲಿ ನಾನು ಕೈಮುಗಿದೆ. ನನಗೆ ಗೊತ್ತಿರುವುದು ಅದೇ.

ನಮ್ಮ ಜನರ ಕೈಯೂ ಆ ಊರಲ್ಲಿದೆ, ಅದನ್ನೂ ನಿಮ್ಮ ಲೇಖನ ಹೇಳಬಹುದಿತ್ತು. ಕೆಡವಿದ ಚರ್ಚಿನ ಜಾಗದಲ್ಲಿ ಈಗ ಇರುವ ದೊಡ್ಡ ಸೇಂಟ್ ಆಂಡ್ರೂಸ್ ಕೆಥೆಡ್ರಲ್ ಕಟ್ಟಿದ್ದು ಭಾರತದಿಂದ ಸಾಗಿಸಿದ್ದ ಕೈದಿಗಳು. ಅದರ ಗೋಡೆಗೆ ಬಳಿದಿದ್ದು ಮದ್ರಾಸ್ ಗಾರೆ. ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ, ಒರಟು ಸಕ್ಕರೆ ಸೇರಿಸಿ ಅರೆದು, ತೆಂಗಿನ ಸಿಪ್ಪೆ ನೆನೆಸಿದ ನೀರು ಹಾಕಿ ಮಾಡುವ ಗಾರೆ. ನಮ್ಮ ಮಾವನವರು ಹಳೇ ಮನೆಯ ಗೋಡೆ ತೋರಿಸಿ, ಇದಕ್ಕೆ ಬೆಲ್ಲದ ನೀರು ಹಾಕಿದ್ದಾರಮ್ಮ ಅಂತ ಹೇಳುತ್ತಿದ್ದರು. ಕೆಥೆಡ್ರಲ್ಲಿನ ಗೋಡೆಯನ್ನು ಮುಟ್ಟುವಾಗ ಅವರ ನೆನಪು ಬಂತು. ಲಿಟಲ್ ಇಂಡಿಯಾಗೆ ಪಾತ್ರೆ ಕೊಳ್ಳಲು ಹೋದವರು ಡನ್ಲಪ್ ಸ್ಟ್ರೀಟಿನ ಅಬ್ದುಲ್ ಗಫೂರ್ ಮಸೀದಿಯನ್ನೂ ನೋಡಬೇಕು. ರೋಮನ್ ಕಂಬಗಳು, ಮೇಲೆ ಸೂರ್ಯನ ಹಾಗೆ 25 ಕಿರಣಗಳ ಅಲಂಕಾರ, ಒಂದೊಂದು ಕಿರಣದಲ್ಲಿ ಒಬ್ಬೊಬ್ಬ ಪ್ರವಾದಿಯ ಹೆಸರು. ಅಲ್ಲಿ ಹೆಚ್ಚಾಗಿ ಬರುತ್ತಿದ್ದವರು ದಕ್ಷಿಣ ಭಾರತದ ಮುಸ್ಲಿಮರು. ಸುಲ್ತಾನ್ ಮಸೀದಿಯ ವಿನ್ಯಾಸ ಡೆನಿಸ್ ಸ್ಯಾಂಟ್ರಿ ಎಂಬ ಐರ್ಲೆಂಡಿನವರದು. ಅದರ ಗುಮ್ಮಟದ ಕೆಳಗೆ ಕಪ್ಪು ಪಟ್ಟಿಯೊಂದು ಕಾಣುತ್ತದಲ್ಲ, ಅದು ಗಾಜಿನ ಬಾಟಲಿಗಳ ತಳ, ಬಡವರು ತಮ್ಮ ಕೈಲಾದದ್ದು ಅಂತ ಕೊಟ್ಟಿದ್ದು. ಬಸ್ಸಿನಿಂದ ಇದ್ಯಾವುದೂ ಕಾಣುವುದಿಲ್ಲ. ಮೈಸೂರು ಅರಮನೆ ನೋಡಿದ ನಮಗೆ ಇಂಥ ಬೆರಕೆ ಹೊಸದೇನಲ್ಲ, ಅದನ್ನು ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್ ಕೂಡ ಬ್ರಿಟಿಷರೇ. ಆದರೆ ಅದು ಅರಸರ ಮನೆ. ಹಜ್ಜಾ ಫಾತಿಮಾ ಮಸೀದಿ ವ್ಯಾಪಾರದ ದುಡ್ಡಿನಿಂದ ಆದದ್ದು, ಒಬ್ಬ ವಿಧವೆ ಲೆಕ್ಕ ಬರೆದು ಕೂಡಿಟ್ಟ ದುಡ್ಡು.

ಸಿಂಗಪುರ ಸರ್ಕಾರ 1973ರಲ್ಲಿ ಮೊದಲ ಸಲ ರಾಷ್ಟ್ರೀಯ ಸ್ಮಾರಕಗಳನ್ನು ಘೋಷಿಸಿದಾಗ ಆ ಮೊದಲ 8ರಲ್ಲಿ ಇದೂ ಒಂದು. ನಮ್ಮವರು ಎಲ್ಲರೂ ಹೋಗುವ ಶ್ರೀ ಮಾರಿಯಮ್ಮನ್ ದೇವಸ್ಥಾನವೂ ಅದೇ ಪಟ್ಟಿಯಲ್ಲಿದೆ, ಸೇಂಟ್ ಆಂಡ್ರೂಸ್ ಕೂಡ.

ಹೆಸರಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆ ನಿಮಗೆ ಗೊತ್ತು. ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ ಎಂದು ಕಥೆ. ಅಲ್ಲಿ ನೆಲ ಬಿಟ್ಟುಕೊಟ್ಟ ವೇಶ್ಯೆಯರು ಕೆರೆಗೆ ತಮ್ಮ ಹೆಸರೇ ಇರಬೇಕು ಅಂತ ಕೇಳಿದರಂತೆ, ಅದಕ್ಕೇ ಸೂಳೆಕೆರೆ ಆಯಿತಂತೆ. ಶಾಂತಿಸಾಗರ ಅಂತಲೂ ಕರೆಯುತ್ತಾರೆ. ನಾನು ಚಿಕ್ಕವಳಿದ್ದಾಗ ಆ ಹೆಸರು ಹೇಳಲು ನಾಚಿಕೆ ಆಗುತ್ತಿತ್ತು. ಈಗ ಅನ್ನಿಸುತ್ತದೆ, ಆ ಹೆಂಗಸರು ನೆಲ ಕೊಟ್ಟು ದುಡ್ಡು ಬೇಡ ಹೆಸರು ಬೇಕು ಅಂದರಲ್ಲ, ಅವರಿಗೆ ಗೊತ್ತಿತ್ತು. ಹೆಸರು ಬರೆದಿಡದಿದ್ದರೆ ಕೊಟ್ಟವರನ್ನು ಜನ ಮರೆತೇ ಬಿಡುತ್ತಾರೆ. ನಮ್ಮ ಊರುಗಳಲ್ಲಿ ಕೆರೆ, ಬಾವಿ, ಛತ್ರ, ದರ್ಗಾ, ಗುಡಿ ಎಷ್ಟೋ ಹೆಂಗಸರು ಮಾಡಿಸಿದ್ದಾರೆ. ಯಾರು ಮಾಡಿಸಿದ್ದು ಅಂತ ಕೇಳಿದರೆ ‘ಯಾರೋ ಒಬ್ಬ ಅಜ್ಜಿ’ ಅನ್ನುತ್ತಾರೆ, ಅಲ್ವಾ.

ಸಿಂಗಪುರದಲ್ಲಿ ಆಕೆ ಯಾರೋ ಅಜ್ಜಿ ಆಗಿಲ್ಲ. ಗೇಟಿನ ಮೇಲೆ ಹೆಸರಿದೆ, ಸರ್ಕಾರದ ಪಟ್ಟಿಯಲ್ಲಿ ಹೆಸರಿದೆ. ಅಷ್ಟು ವರ್ಷ ಅಲ್ಲಿನವರು ಕಾಪಾಡಿದ್ದನ್ನು ನಾವು ಒಂದು ಫೋಟೊ ಹಾಕಿ ‘ವಾಲು ಗೋಪುರ’ ಅಂತ ಕರೆದರೆ ಆಕೆ ನಮ್ಮ ಓದುಗರ ಪಾಲಿಗೆ ಇಲ್ಲವೇ ಇಲ್ಲ ಎಂದ ಹಾಗೆ ಆಯಿತು. ನಿಮ್ಮ ಪತ್ರಿಕೆ ನಮ್ಮ ಮನೆಗೆ 30 ವರ್ಷದಿಂದ ಬರುತ್ತದೆ, ಅಂಗಡಿಯಲ್ಲಿ ಗಿರಾಕಿಗಳು ಇಲ್ಲದ ಹೊತ್ತು ಓದಿಯೇ ನನ್ನ ಕನ್ನಡ ಇಷ್ಟು ಉಳಿದಿದೆ. ಅದಕ್ಕೇ ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎರಡು ಕೋರಿಕೆ. ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ, ಎರಡೇ ಸಾಲು ಸಾಕು. ಸಾಧ್ಯವಾದರೆ ಆ ಮಸೀದಿಯ ಬಗ್ಗೆ ಬೇರೆಯಾಗಿಯೇ ಒಂದು ಲೇಖನ ಬರೆಸಿ. ಬರೆಯುವವರು ಅಲ್ಲಿಗೆ ನಡೆದುಕೊಂಡು ಹೋಗಲಿ. ಹೋಗುವ ಓದುಗರಿಗೂ ನನ್ನ ಮಾತು ಅಷ್ಟೇ. ನಮಾಜಿನ ಹೊತ್ತು ಬಿಟ್ಟು ಹೋಗಿ, ಮೈತುಂಬ ಬಟ್ಟೆ ಇರಲಿ, ಚಪ್ಪಲಿ ಹೊರಗೆ ಬಿಡಿ, ಒಳಗೆ ಜೋರಾಗಿ ಮಾತು ಬೇಡ. ಮಿನಾರಿಗೆ ಕೈ ಕೊಟ್ಟು ತಡೆದ ಹಾಗೆ ಫೋಟೊ ತೆಗೆಸಿಕೊಳ್ಳುವುದನ್ನು ದಯವಿಟ್ಟು ಬಿಡಿ, ಅದು ಜನ ಪ್ರಾರ್ಥನೆಗೆ ಬರುವ ಜಾಗ. ಹಿಂದಿನ ಗೋರಿಗಳ ಹತ್ತಿರ ಕೇಳಿ ಹೋಗಿ.

ಊರಿಗೆ ಹೊರಡುವ ಮುಂಚಿನ ಶನಿವಾರ ಮಗಳು, ಮೊಮ್ಮಗಳನ್ನೂ ಕರೆದುಕೊಂಡು ಮತ್ತೆ ಹೋಗಿದ್ದೆ. ಮಗಳು ಆ ಊರಲ್ಲಿ ಏಳು ವರ್ಷದಿಂದ ಇದ್ದಾಳೆ, ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದಾಳಂತೆ, ಇಳಿದಿರಲಿಲ್ಲ. ಗೇಟಿನ ಹತ್ತಿರ ಮೊಮ್ಮಗಳು ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಆಮೇಲೆ ನನ್ನನ್ನು ಕೇಳಿದಳು, “ಅಜ್ಜಿ, ಇವರೂ ಅಂಗಡಿ ಇಟ್ಟಿದ್ದರಾ?” ಹೌದು, ಅವರದು ಹಡಗಿನ ಅಂಗಡಿ ಅಂದೆ.

ಹೆಸರು ಪೂರ್ತಿ ಹೀಗೆ ಬರೆಯಬೇಕು: ಹಜ್ಜಾ ಫಾತಿಮಾ ಬಿಂತೆ ಸುಲೈಮಾನ್.

ಇಂತಿ,
ನಿಮ್ಮ ಓದುಗಳು
ದಾವಣಗೆರೆ